ಯುದೆನಿಚ್ ನಡೆದ ಹಿಮದ ಹಾದಿ: ಕಾರ್ಸ್‌ನಿಂದ ಟ್ರಾಬ್ಜೋನ್‌ವರೆಗೆ

ಭಾನುವಾರ, ಕಾರ್ಸ್

ಕಾರ್ಸ್ ಇರುವುದು ಟರ್ಕಿಯ ಪೂರ್ವದ ತುದಿಯಲ್ಲಿ. ಆದರೆ ಊರೊಳಗೆ ಸ್ವಲ್ಪ ದೂರ ನಡೆದರೆ ರಷ್ಯಾದ ಯಾವುದೋ ಹಳೇ ಪಟ್ಟಣಕ್ಕೆ ಬಂದ ಹಾಗಾಗುತ್ತದೆ. ದಾರ ಹಿಡಿದು ಎಳೆದಂಥ ನೇರ ರಸ್ತೆಗಳು. ಎರಡೂ ಬದಿಗೆ ಕಪ್ಪು ಬಸಾಲ್ಟ್ ಕಲ್ಲಿನ ದಪ್ಪ ಗೋಡೆಯ ಕಟ್ಟಡಗಳು. ಫೆತಿಯೆ ಮಸೀದಿ ಅಂತ ಒಂದಿದೆ. ಅದರ ಮಿನಾರುಗಳನ್ನು ಕೈಯಿಂದ ಮರೆಮಾಡಿ ನೋಡಿದರೆ ಪಕ್ಕಾ ರಷ್ಯನ್ ಚರ್ಚು. ಕಟ್ಟಿದ್ದೇ ಚರ್ಚಾಗಿ, ಅಲೆಕ್ಸಾಂಡರ್ ನೆವ್‌ಸ್ಕಿ ಹೆಸರಿನಲ್ಲಿ. 1877ರ ನವೆಂಬರಿನಲ್ಲಿ ರಷ್ಯನ್ನರು ಕಾರ್ಸ್ ಕೋಟೆ ಗೆದ್ದರು. ಸುಮಾರು 40 ವರ್ಷ ಇಲ್ಲೇ ಬೇರು ಬಿಟ್ಟರು.

ನಾನು ಬಂದಿದ್ದು ನಿಕೊಲಾಯ್ ಯುದೆನಿಚ್ ಎಂಬ, ಮೊದಲ ಮಹಾಯುದ್ಧದ ರಷ್ಯನ್ ಸೇನಾಧಿಕಾರಿಯ ಹಿಂದೆ ಬಿದ್ದು. ಜೊತೆಗೆ ನಮ್ಮ ಸೋದರಮಾವ. ಹಾಸನದ ಕಡೆಯವರು, ಸೈನ್ಯದ ಸರ್ವಿಸ್ ಕೋರ್‌ನಲ್ಲಿದ್ದು ಸುಬೇದಾರ್ ಆಗಿ ನಿವೃತ್ತರಾದವರು. ಅಂದರೆ ರೇಷನ್, ಸೀಮೆಎಣ್ಣೆ, ಬಟ್ಟೆಬರೆ ತಲುಪಿಸುವ ಕೆಲಸ. ಲೇಹ್ ಕಡೆಯ ಚಳಿಗಾಲವನ್ನೂ ಕಂಡವರು. ಫೆಬ್ರವರಿಯಲ್ಲಿ ಇಲ್ಲಿಗೆ ಹೋಗೋಣ ಅಂದಾಗ ಮನೆಯವರೆಲ್ಲ ಬೈದರು. ಮಾವ ಮಾತ್ರ ಕೇಳಿದ್ದು ಒಂದೇ ಪ್ರಶ್ನೆ: "ಬೂಟು ಎಂಥದ್ದು ತಗೊಂಡಿದ್ದೀಯ?"

ಯುದೆನಿಚ್ ಹುಟ್ಟಿದ್ದು 1862ರಲ್ಲಿ, ಮಾಸ್ಕೋದಲ್ಲಿ. ಅಲ್ಲಿನ ಅಲೆಕ್ಸಾಂಡರ್ ಸೈನಿಕ ಶಾಲೆಯಿಂದ 1881ರಲ್ಲಿ ಹೊರಬಿದ್ದು ಲಿಥುವೇನಿಯನ್ ಗಾರ್ಡ್ಸ್ ರೆಜಿಮೆಂಟ್ ಸೇರಿದ. 1887ರಲ್ಲಿ ಜನರಲ್ ಸ್ಟಾಫ್ ಅಕಾಡೆಮಿ ಮುಗಿಸಿದ. 1894ರಲ್ಲಿ ಪಾಮೀರ್ ದಂಡಯಾತ್ರೆಗೆ ಹೋದ. ಆಗ ಪಾಮೀರ್ ಅಂದರೆ ರಷ್ಯಾ ಮತ್ತು ಬ್ರಿಟಿಷ್ ಇಂಡಿಯಾ ಒಬ್ಬರನ್ನೊಬ್ಬರು ಗುಮಾನಿಯಿಂದ ನೋಡುತ್ತಿದ್ದ ಜಾಗ. ಇದನ್ನು ಹೇಳಿದಾಗ ಮಾವ, "ಹಂಗಾದ್ರೆ ನಾವು ಕಾಯ್ತಿದ್ದ ಬೆಟ್ಟದ ಆಚೆ ಕಡೆ ಅವನೂ ನಡುಗಿದ್ದಾನೆ ಅನ್ನು" ಅಂದರು. ಅಲ್ಲಿಂದಾಚೆಗೆ ಮಾವನಿಗೂ ಈ ಮನುಷ್ಯನ ಮೇಲೆ ಆಸಕ್ತಿ ಬಂತು.

ನಾವು ಉಳಿದಿದ್ದು ಒಂದು ಹಳೇ ರಷ್ಯನ್ ಮನೆಯಲ್ಲಿ, ಈಗ ಹೋಟೆಲ್. ಕೋಣೆಯ ಒಂದು ಗೋಡೆ ಮಾತ್ರ ಉಬ್ಬಿಕೊಂಡಿತ್ತು. ಅದು ಪೆಚ್. ಗೋಡೆಯೊಳಗೇ ಕಟ್ಟಿದ ಒಲೆ, ಒಂದು ಕಡೆ ಬೆಂಕಿ ಹಾಕಿದರೆ ಅಕ್ಕಪಕ್ಕದ ಕೋಣೆಗಳೂ ಬೆಚ್ಚಗಾಗುತ್ತವೆ. ಈಗ ಅದನ್ನು ಯಾರೂ ಹಚ್ಚುವುದಿಲ್ಲ. ಮಾವ ಆ ಗೋಡೆಯನ್ನು ತಟ್ಟಿ, ಬಾಯಿ ಎಲ್ಲಿದೆ, ಹೊಗೆ ಎಲ್ಲಿಂದ ಹೋಗುತ್ತೆ ಅಂತ ಹುಡುಕುತ್ತಾ ಅರ್ಧ ಗಂಟೆ ಕಳೆದರು. ನಾನು ಅಷ್ಟರಲ್ಲಿ ಕಾರ್ಸಿನ ಗ್ರಾವ್ಯೆರ್ ಚೀಸ್ ಮುಗಿಸಿದ್ದೆ.

ಸೋಮವಾರ, ಸಾರಿಕಾಮಿಶ್

ಕಾರ್ಸ್‌ನಿಂದ ಬೆಳಗಿನ ರೈಲು. ಬಯಲೆಲ್ಲ ಬಿಳಿ. ಒಂದು ಗಂಟೆ ಆಗುವಷ್ಟರಲ್ಲಿ ಪೈನ್ ಕಾಡು ಶುರುವಾಯಿತು. ಕಾಂಡದ ಮೇಲ್ಭಾಗ ಕಿತ್ತಳೆ ಬಣ್ಣ, ಮೇಲೆ ಹಿಮ ಹೊತ್ತ ಎಲೆ.

ಈ ರೈಲುದಾರಿಯೇ ಕಥೆಯ ಮೂಲ. ರಷ್ಯನ್ನರು ತಿಫ್ಲಿಸ್‌ನಿಂದ, ಅಂದರೆ ಈಗಿನ ತ್ಬಿಲಿಸಿಯಿಂದ, 1899ರಲ್ಲಿ ಕಾರ್ಸ್‌ವರೆಗೆ ಹಳಿ ತಂದರು. 1913ರಲ್ಲಿ ಅದನ್ನು ಸಾರಿಕಾಮಿಶ್‌ವರೆಗೆ ಎಳೆದರು. ಅಲ್ಲಿಗೆ ಹಳಿ ಮುಗಿಯಿತು. ಹಳಿ ಮುಗಿದ ಕಡೆ ಗೋದಾಮು ಬೆಳೆಯುತ್ತದೆ. ಗಡಿಯಲ್ಲಿದ್ದ ರಷ್ಯನ್ ಸೈನಿಕರ ಊಟ, ಗುಂಡು, ಕುದುರೆ ಮೇವು ಎಲ್ಲಾ ಇಲ್ಲೇ ಇಳಿಯುತ್ತಿತ್ತು. ಇದೊಂದು ಊರು ಕೈತಪ್ಪಿದರೆ ಮುಂದಿದ್ದವರೆಲ್ಲ ಉಪವಾಸ.

ಒಟ್ಟೊಮನ್ ಯುದ್ಧಮಂತ್ರಿ ಎನ್ವರ್ ಪಾಷಾನಿಗೆ ಇದು ಗೊತ್ತಿತ್ತು. ಆಗಿನ್ನೂ 33ರ ಆಸುಪಾಸಿನ ಬಿಸಿರಕ್ತ. ತಾನೇ ಬಂದು 3ನೇ ಸೈನ್ಯದ ನಾಯಕತ್ವ ವಹಿಸಿಕೊಂಡ. 1914ರ ಡಿಸೆಂಬರ್ 22ಕ್ಕೆ ದಾಳಿ ಶುರು. ಯೋಜನೆ ಕಾಗದದ ಮೇಲೆ ಚೆನ್ನಾಗಿತ್ತು. ಒಂದು ಕೋರ್, ಅಂದರೆ ಹಲವು ಡಿವಿಷನ್ ಸೇರಿದ ದೊಡ್ಡ ಪಡೆ, ರಷ್ಯನ್ನರನ್ನು ಎದುರಿನಿಂದ ಹಿಡಿದಿಟ್ಟುಕೊಳ್ಳುವುದು, ಇನ್ನೆರಡು ಉತ್ತರದ ಬೆಟ್ಟ ಹತ್ತಿ ಸುತ್ತಿ ಬಂದು ಸಾರಿಕಾಮಿಶ್ ಹಿಡಿಯುವುದು. ಸುತ್ತಿ ಬರಬೇಕಾದ ಆ ಬೆಟ್ಟ ಅಲ್ಲಾಹುಅಕ್ಬರ್, ಸುಮಾರು 3,000 ಮೀಟರ್ ಎತ್ತರ.

ಸ್ಟೇಷನ್ನಿನಲ್ಲಿ ಇಳಿದಾಗ ಬೆಳಗ್ಗೆಯೇ ಮೂಗಿನೊಳಗಿನ ಕೂದಲು ಹೆಪ್ಪುಗಟ್ಟಿತ್ತು. ಆ ಕಡೆ ಹಳೇ ರಷ್ಯನ್ ಕಲ್ಲುಕಟ್ಟಡಗಳು, ಈ ಕಡೆ ಸ್ಕೀಯಿಂಗ್‌ಗೆ ಬಂದ ಇಸ್ತಾಂಬುಲ್ ಹುಡುಗರು, ಬಣ್ಣಬಣ್ಣದ ಜಾಕೆಟ್. ಟೀ ಅಂಗಡಿಯಲ್ಲಿ ಕೂತು ನಾನು ಮಾವನಿಗೆ ಆ ಡಿಸೆಂಬರಿನ ಕಥೆ ಹೇಳಿದೆ.

ದಾಳಿ ಶುರುವಾದಾಗ ಊರಲ್ಲಿ ಇದ್ದವರು ತೀರಾ ಕಡಿಮೆ. ರೈಲ್ವೆ ಕಾವಲಿನವರು, ಸ್ವಯಂಸೇವಕ ತುಕಡಿಗಳು, ದಾರಿಯಲ್ಲಿದ್ದ ಹೊಸ ಹುಡುಗರು. ಸಿಕ್ಕವರನ್ನೆಲ್ಲ ಸೇರಿಸಿ ಕರ್ನಲ್ ಬುಕ್ರೆತೋವ್ ಎಂಬಾತ ಸಾಲು ಕಟ್ಟಿದ. ಕಾಕಸಸ್ ಸೈನ್ಯದ ಹೆಸರಿಗೆ ಮುಖ್ಯಸ್ಥನಾಗಿದ್ದವನು ವಯಸ್ಸಾದ ವೊರೊಂತ್ಸೋವ್-ದಾಷ್ಕೋವ್. ನಿಜವಾಗಿ ನಡೆಸುತ್ತಿದ್ದವನು ಜನರಲ್ ಮಿಶ್ಲಾಯೆವ್‌ಸ್ಕಿ. ಸುತ್ತುವರಿಯುತ್ತಾರೆ ಅಂತ ಗೊತ್ತಾದ ಕೂಡಲೇ ಈತ ಹಿಮ್ಮೆಟ್ಟಲು ಆಜ್ಞೆ ಕೊಟ್ಟು ತಿಫ್ಲಿಸ್‌ಗೆ ಹೊರಟುಬಿಟ್ಟ. ಉಳಿದವನು ಸೈನ್ಯದ ಚೀಫ್ ಆಫ್ ಸ್ಟಾಫ್ ಆಗಿದ್ದ ಯುದೆನಿಚ್, ಕೈಯಲ್ಲಿ 2ನೇ ತುರ್ಕಿಸ್ತಾನ್ ಕೋರ್. ಆತ ಪೂರ್ತಿ ಹಿಮ್ಮೆಟ್ಟಲು ಒಪ್ಪಲಿಲ್ಲ. ಹಿಂದಕ್ಕೆ ಹೋಗಲು ಒಳ್ಳೆಯ ದಾರಿಯೇ ಇಲ್ಲ, ಹಿಮದಲ್ಲಿ ಗಾಡಿ, ಫಿರಂಗಿ ಎಲ್ಲಾ ಬಿಟ್ಟು ಹೋಗಬೇಕಾಗುತ್ತೆ. ಸಾರಿಕಾಮಿಶ್‌ನಲ್ಲಿ ನಿಂತು ಹೊಡೆದಾಡುವುದೇ ಬದುಕುವ ದಾರಿ.

"ಆಫೀಸರ್ ಕಾರಲ್ಲಿ ಹೋಗೋದು, ಹಿಂದೆ ಉಳಿದವನು ಲೆಕ್ಕ ಮಾಡೋದು" ಅಂತ ಮಾವ ನಕ್ಕರು. ಯಾರನ್ನು ನೆನೆಸಿಕೊಂಡರೋ, ಹೆಸರು ಹೇಳಲಿಲ್ಲ.

ಮಂಗಳವಾರ, ಬೆಟ್ಟದ ಬುಡ

ಇವತ್ತು ಒಬ್ಬ ಸ್ಥಳೀಯ ಡ್ರೈವರ್ ಸಿಕ್ಕಿದ. ನಾವು ಅವನನ್ನು "ಆಬಿ" ಅಂದೆವು, ಅವರಲ್ಲಿ ಅಣ್ಣ ಅಂತ. ಮಾವನ ಬಿಳಿಗೂದಲು ನೋಡಿ ಅವನು ಮಾವನನ್ನು "ಅಮ್ಜಾ" ಅಂತ ಕರೆದ, ಅಂದರೆ ಚಿಕ್ಕಪ್ಪ. ಸಂಬಂಧ ಕೂಡಿಬಂತು.

ಮೊದಲು ಕಾಡಿನೊಳಗಿನ ಮರದ ಬಂಗಲೆ. ತ್ಸಾರ್ ನಿಕೊಲಾಸ್ ಕಾಲದ ಬೇಟೆ ಬಂಗಲೆ, ಊರವರ ಬಾಯಲ್ಲಿ ಕತೆರಿನಾ ಬಂಗಲೆ. ರಾಣಿ ಕತೆರಿನಾಗೆ ಕಟ್ಟಿದ್ದು ಅಂತ ಆಬಿ ಹೇಳಿದ. ಆಕೆ ಸತ್ತಿದ್ದು 1796ರಲ್ಲಿ, ಊರು ರಷ್ಯಾಕ್ಕೆ ಸೇರಿದ್ದು 1878ರಲ್ಲಿ. ನಾನು ಬಾಯಿ ಬಿಡಲಿಲ್ಲ. ಎನ್ವರ್ ದಾಳಿಗೆ ಕೆಲವೇ ದಿನ ಮುಂಚೆ ನಿಕೊಲಾಸ್ ಸಾರಿಕಾಮಿಶ್‌ಗೆ ಬಂದು ಸೈನಿಕರನ್ನು ನೋಡಿ ಹೋಗಿದ್ದಂತೂ ನಿಜ.

ಆಮೇಲೆ ಹುತಾತ್ಮರ ಸ್ಮಾರಕ. ಪ್ರತಿವರ್ಷ ಜನವರಿಯಲ್ಲಿ ಸಾವಿರಾರು ಜನ ಈ ಹಿಮದಲ್ಲಿ ಆ ಸೈನಿಕರ ನೆನಪಿಗೆ ನಡೆಯುತ್ತಾರೆ. ಹಿಮದಲ್ಲೇ ಸೈನಿಕರ ಮೂರ್ತಿಗಳನ್ನೂ ಮಾಡುತ್ತಾರೆ. ನಾವು ಹೋದಾಗ ಅವು ಅರ್ಧ ಕರಗಿ ಮತ್ತೆ ಗಟ್ಟಿಯಾಗಿದ್ದವು. ಒಬ್ಬ ಮಂಡಿಯೂರಿ ಕೂತಿದ್ದ, ಮುಖ ನಯವಾಗಿ ಸವೆದು ಮೂಗು ಇರಲಿಲ್ಲ. ಇನ್ನೊಬ್ಬನ ಬಂದೂಕು ಕೆಳಗೆ ಬಿದ್ದಿತ್ತು, ಹಿಡಿದಿದ್ದ ಬೆರಳುಗಳು ಮಾತ್ರ ಹಾಗೇ ಮಡಚಿಕೊಂಡಿದ್ದವು. ಮಾವ ಆ ಬೆರಳನ್ನೇ ನೋಡುತ್ತಾ ನಿಂತರು. "ಫ್ರಾಸ್ಟ್‌ಬೈಟ್ ಆದೋನ ಬೆರಳೂ ಹೀಗೇ. ಬಿಡ್ಸೋಕೆ ಆಗಲ್ಲ" ಅಂದರು.

ಸತ್ತವರೆಷ್ಟು? ಟರ್ಕಿಯಲ್ಲಿ ಎಲ್ಲರ ಬಾಯಲ್ಲೂ 90,000. ಅಷ್ಟಿಲ್ಲ, ಇನ್ನೂ ಕಡಿಮೆ ಅನ್ನುವ ಇತಿಹಾಸಕಾರರು ಬಹಳ ಜನ ಇದ್ದಾರೆ. ಏನೇ ಆಗಲಿ, ಹಾಫಿಜ್ ಹಕ್ಕಿ ಎಂಬ ಸೇನಾನಿಯ 10ನೇ ಕೋರ್ ಈ ಬೆಟ್ಟ ದಾಟುವಷ್ಟರಲ್ಲಿ ಗುಂಡಿಗಿಂತ ಜಾಸ್ತಿ ಚಳಿಗೇ ಕರಗಿತ್ತು. ಚಳಿಗಾಲದ ಬಟ್ಟೆ, ಸಾಮಾನು ತರುತ್ತಿದ್ದ ಮೂರು ಹಡಗುಗಳನ್ನು ರಷ್ಯನ್ ನೌಕಾಪಡೆ ನವೆಂಬರಿನಲ್ಲೇ ಕಪ್ಪು ಸಮುದ್ರದಲ್ಲಿ ಮುಳುಗಿಸಿತ್ತು. ಬೇಗ ಹೋಗಲಿ ಅಂತ ಹೊರೆಯನ್ನು ಹಿಂದೆ ಬಿಡಿಸಿದ್ದೂ ಉಂಟು. ಬಟ್ಟೆ ಇಲ್ಲ ಅಂತ ಗೊತ್ತಿದ್ದೂ ಎನ್ವರ್ ಹೊರಟ. ಅದಕ್ಕೆ ನನಗೆ ಆತನ ಮೇಲೆ ಎಳ್ಳಷ್ಟೂ ಮರುಕ ಇಲ್ಲ.

1915ರ ಜನವರಿ ಮೊದಲ ವಾರದಲ್ಲಿ 9ನೇ ಕೋರ್‌ನ ಉಳಿದವರು ತಮ್ಮ ನಾಯಕ ಇಹ್ಸಾನ್ ಪಾಷಾ ಸಮೇತ ಸೆರೆ ಸಿಕ್ಕರು. ಯುದೆನಿಚ್‌ಗೆ ಸೇಂಟ್ ಜಾರ್ಜ್ ಪದಕ, ನಾಲ್ಕನೇ ದರ್ಜೆ. ಅದೇ ತಿಂಗಳು 'ಜನರಲ್ ಆಫ್ ಇನ್ಫೆಂಟ್ರಿ' ಎಂಬ ಬಡ್ತಿ, ಜೊತೆಗೆ ಕಾಕಸಸ್ ಸೈನ್ಯದ ಪೂರ್ತಿ ನಾಯಕತ್ವ.

ಶೌರ್ಯಕ್ಕಾಗಿ ಬಂದ ಮೊದಲ ಗೌರವವೇನೂ ಅಲ್ಲ ಇದು. 1905ರಲ್ಲಿ ಮಂಚೂರಿಯಾದಲ್ಲಿ ಜಪಾನೀಯರ ಎದುರು ಆತ 18ನೇ ರೈಫಲ್ ರೆಜಿಮೆಂಟಿನ ಕರ್ನಲ್. ಸಂದೇಪುವಿನಲ್ಲಿ ಕೈಗೆ ಪೆಟ್ಟು, ಮುಕ್ಡೆನ್‌ನಲ್ಲಿ ಕುತ್ತಿಗೆಗೆ ಗುಂಡು. 'ಶೌರ್ಯಕ್ಕಾಗಿ' ಅಂತ ಬರೆದ ಚಿನ್ನದ ಕತ್ತಿ ಕೊಟ್ಟು ಮೇಜರ್ ಜನರಲ್ ಮಾಡಿದರು. ಆ ಯುದ್ಧದಲ್ಲಿ ರಷ್ಯಾ ಸೋತಿತು. ಫೋಟೋದಲ್ಲಿ ನೋಡಿದರೆ ವೀರ ಅಂತ ಯಾರೂ ಅನ್ನುವುದಿಲ್ಲ ಬಿಡಿ. ಕುಳ್ಳ, ದಪ್ಪ, ಬೋಳುತಲೆ, ಬಾಯಿ ಮುಚ್ಚುವಂಥ ಜೋತುಬಿದ್ದ ಮೀಸೆ.

ಬುಧವಾರ, ಅರಾಸ್ ಕಣಿವೆ

ಆಬಿಯ ಕಾರಲ್ಲೇ ಎರ್ಜುರುಮ್ ಕಡೆಗೆ. ಸಾರಿಕಾಮಿಶ್ ಕಾಡು ಇಳಿದರೆ ಹೊರಾಸಾನ್, ಆಮೇಲೆ ಅರಾಸ್ ನದಿ. ಕೋಪ್ರುಕೋಯ್ ಹತ್ತಿರ ಚೋಬಾನ್‌ದೆದೆ ಸೇತುವೆ ಇದೆ, ಏಳುನೂರು ವರ್ಷ ಹಳೆಯದು, ಕಲ್ಲಿನ ಕಮಾನುಗಳು. ಕೆಳಗೆ ನದಿಯ ಅಂಚು ಹೆಪ್ಪುಗಟ್ಟಿ ನಡುವೆ ಮಾತ್ರ ಕಪ್ಪು ನೀರು ಹರಿಯುತ್ತಿತ್ತು.

ಎನ್ವರ್ ಸೋತ ಒಂದು ವರ್ಷಕ್ಕೆ, 1916ರ ಜನವರಿಯಲ್ಲಿ, ಯುದೆನಿಚ್ ಇದೇ ಕಣಿವೆಯಲ್ಲಿ ತನ್ನ ಚಳಿಗಾಲದ ದಾಳಿ ಮಾಡಿದ. ಅಷ್ಟರಲ್ಲಿ 1915ರ ಬೇಸಿಗೆಯ ಅಲಷ್ಕೆರ್ತ್ ಕದನಕ್ಕೆ ಮೂರನೇ ದರ್ಜೆಯ ಸೇಂಟ್ ಜಾರ್ಜ್ ಬಂದಿತ್ತು. ಈಗ ಅವಸರಕ್ಕೆ ಕಾರಣ ದೂರದ, ಟರ್ಕಿಯ ಪಶ್ಚಿಮ ತುದಿಯ ಗಲ್ಲಿಪೋಲಿ. ಬ್ರಿಟಿಷರು ಅಲ್ಲಿಂದ ಕಾಲ್ತೆಗೆಯುತ್ತಿದ್ದರು. ಅಲ್ಲಿ ಬಿಡುವಾದ ಟರ್ಕಿ ಸೈನ್ಯ ವಸಂತದ ಹೊತ್ತಿಗೆ ಇಲ್ಲಿಗೆ ಬರುವುದು ಖಂಡಿತ. ಬರುವ ಮುಂಚೆ ಹೊಡೆಯಬೇಕು, ಅಂದರೆ ನಡು ಚಳಿಗಾಲದಲ್ಲೇ.

ಸೇತುವೆ ಪಕ್ಕದಲ್ಲಿ ನಿಂತು ನಾನು ಮಾವನಿಗೆ ಆ ದಾಳಿಯ ತಯಾರಿ ವಿವರಿಸಿದೆ. ಪ್ರತಿ ಸೈನಿಕನಿಗೆ ವಾಲೆಂಕಿ ಅನ್ನುವ ಒತ್ತುಣ್ಣೆಯ ಬೂಟು. ಕುರಿತುಪ್ಪಳದ ಗಿಡ್ಡ ಕೋಟು, ಹತ್ತಿ ತುಂಬಿದ ಪ್ಯಾಂಟು. ಹಿಮದಲ್ಲಿ ಕಾಣದ ಹಾಗೆ ಬಿಳಿ ಮೇಲಂಗಿ. ಇದೆಲ್ಲದರ ಜೊತೆ ಒಬ್ಬೊಬ್ಬರೂ ಎರಡೆರಡು ಸೌದೆ ತುಂಡು ಹೊರಬೇಕು. ಬೆಟ್ಟದ ಮೇಲೆ ಮರ ಇಲ್ಲ, ರಾತ್ರಿ ತಂಗಿದಲ್ಲಿ ಬೆಂಕಿ ಬೇಕಲ್ಲ, ಅದಕ್ಕೆ.

"ಎರಡು ತುಂಡಾ?"

"ಹೌದು ಮಾವ, ಎರಡೇ."

ಮಾವ ಲೆಕ್ಕಕ್ಕೆ ಇಳಿದೇಬಿಟ್ಟರು. ಒಬ್ಬನಿಗೆ ಎರಡಾದರೆ ಒಂದು ಸೆಕ್ಷನ್‌ಗೆ ಎಷ್ಟಾಯ್ತು, ಒಂದು ರಾತ್ರಿ ಉರಿಯುತ್ತಾ, ಎರಡನೇ ರಾತ್ರಿಗೆ ಹೇಸರಗತ್ತೆ ಮೇಲೆ ತರಿಸಿರಬೇಕು ಅಲ್ವಾ. ಕೊನೆಗೆ, "ಈ ಮನುಷ್ಯ ನಮ್ಮ ಡಿಪೋದಲ್ಲಿ ಇರಬೇಕಿತ್ತು ಕಣೋ" ಅಂದರು. ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಪದಕ ಇಲ್ಲ.

ನನಗೂ ಅನಿಸಿದ್ದು ಅದೇ. ಯುದೆನಿಚ್ ಬಗ್ಗೆ ಬರೆಯುವವರು ಧೈರ್ಯದ ಬಗ್ಗೆಯೇ ಜಾಸ್ತಿ ಬರೆಯುತ್ತಾರೆ. ಧೈರ್ಯ ಎನ್ವರ್‌ಗೂ ಇತ್ತು, ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ಒಂದೇ ನಾಡು, ಒಂದೇ ಚಳಿ, ನಡುವೆ ಒಂದೇ ವರ್ಷ. ಒಬ್ಬ ಬೂಟಿನ ಲೆಕ್ಕ ಹಾಕಿದ, ಇನ್ನೊಬ್ಬ ಹಾಕಲಿಲ್ಲ.

ಆತ ಗುಟ್ಟು ಕಾಪಾಡಿದ ರೀತಿಯೂ ಮಜವಾಗಿದೆ. ದಾಳಿ ಪರ್ಷಿಯಾ ಕಡೆಗೆ ಅಂತ ಸುದ್ದಿ ಹಬ್ಬಲಿ ಅಂತ ಆ ಕಡೆ ಸಂತೆಗಳಲ್ಲಿ ಸಾಗಾಣಿಕೆ ಪ್ರಾಣಿಗಳನ್ನು ಕೊಳ್ಳಲು ಜನ ಬಿಟ್ಟಿದ್ದ. ಟರ್ಕಿಯವರು ನಂಬಿದರು. ಕೋಪ್ರುಕೋಯ್ ಸಾಲು ಒಂದೇ ವಾರದಲ್ಲಿ ಮುರಿಯಿತು, ಉಳಿದವರು ಎರ್ಜುರುಮ್ ಕೋಟೆಯೊಳಗೆ ಸೇರಿಕೊಂಡರು.

ಗುರುವಾರ, ಎರ್ಜುರುಮ್

ಸುಮಾರು 1,900 ಮೀಟರ್ ಎತ್ತರದ ಊರು. ಬೆಳಗ್ಗೆ ಪೂರ್ವಕ್ಕೆ ದೇವೆಬೊಯ್ನು ದಿಣ್ಣೆಗೆ ಹೋದೆವು. ಬಯಲಿಂದ ಊರಿಗೆ ಬರುವ ಬಾಗಿಲು ಇದು. ಈ ದಿಣ್ಣೆಯುದ್ದಕ್ಕೂ ಕೋಟೆ, ಬುರುಜು. ದಕ್ಷಿಣಕ್ಕೆ ಪಾಲಂದೊಕೆನ್ ಬೆಟ್ಟ, ಉತ್ತರಕ್ಕೆ ಕಾರ್ಗಾಪಜಾರ್. ಆ ಉತ್ತರದ ಬೆಟ್ಟವನ್ನು ಚಳಿಗಾಲದಲ್ಲಿ ಸೈನ್ಯ ದಾಟಲಾರದು ಅಂತ ಕೋಟೆಯವರು ಅಲ್ಲಿ ಗಟ್ಟಿ ಕಾವಲು ಇಟ್ಟಿರಲಿಲ್ಲ.

ಕಾರಿಂದ ಇಳಿದು ಮೇಲೆ ನೋಡಿದಾಗ ನನಗೂ ದಾಟಲಾರದು ಅನಿಸಿತು. ಗಾಳಿ ಬೀಸಿದಾಗಲೆಲ್ಲ ಶಿಖರದಿಂದ ಹಿಮದ ಪುಡಿ ಬಾಲದ ಹಾಗೆ ಏಳುತ್ತಿತ್ತು. ಅಲ್ಲಿಗೆ ರಷ್ಯನ್ನರು ಪರ್ವತ ಫಿರಂಗಿಗಳನ್ನು ಬಿಚ್ಚಿ, ಕೈಮೇಲೆ ಹೊತ್ತು ಏರಿಸಿದರು. ಗ್ರಾಂಡ್ ಡ್ಯೂಕ್ ನಿಕೊಲಾಯ್ ಆಗ ಕಾಕಸಸ್‌ನ ವೈಸ್‌ರಾಯ್. ಆತನಿಗೆ ಈ ದಾಳಿ ಬೇಡವಾಗಿತ್ತು. ಮದ್ದುಗುಂಡು ಖರ್ಚಾಗುತ್ತೆ, ಸೋತರೆ ಮರ್ಯಾದೆ ಹೋಗುತ್ತೆ. ಯುದೆನಿಚ್ ಹಟ ಹಿಡಿದು, ಹೊಣೆ ತನ್ನದೇ ಅಂತ ಒಪ್ಪಿಸಿದ.

1916ರ ಫೆಬ್ರವರಿ 11ಕ್ಕೆ ದಾಳಿ, 16ಕ್ಕೆ ಎರ್ಜುರುಮ್ ಕೈವಶ. 300ಕ್ಕೂ ಹೆಚ್ಚು ಫಿರಂಗಿಗಳು ಸಿಕ್ಕವು. ಇದಕ್ಕೆ ಎರಡನೇ ದರ್ಜೆಯ ಸೇಂಟ್ ಜಾರ್ಜ್. ಆ ಯುದ್ಧದಲ್ಲಿ ಈ ದರ್ಜೆ ಸಿಕ್ಕ ರಷ್ಯನ್ನರು ನಾಲ್ಕೇ ಜನ, ಆ ಸಾಲಿನಲ್ಲಿ ಈತ ಕೊನೆಯವನು. ಮೊದಲನೇ ದರ್ಜೆ ಯಾರಿಗೂ ಕೊಡಲೇ ಇಲ್ಲ.

ಇದೇ ತಿಂಗಳು ಮೆಸೊಪೊಟೇಮಿಯಾದ, ಅಂದರೆ ಈಗಿನ ಇರಾಕ್‌ನ, ಕೂತ್‌ನಲ್ಲಿ ಭಾರತೀಯ ಸೈನ್ಯದ 6ನೇ ಪೂನಾ ಡಿವಿಷನ್ ಟರ್ಕಿಯವರ ಮುತ್ತಿಗೆಯಲ್ಲಿ ಸಿಕ್ಕಿಕೊಂಡು ಹಸಿದಿತ್ತು. ಅದರಲ್ಲಿದ್ದ ಮರಾಠಾ ಪಲ್ಟನ್ನುಗಳ ವಾರಸುದಾರ ರೆಜಿಮೆಂಟಿನ ಕೇಂದ್ರ ಇವತ್ತು ನಮ್ಮ ಬೆಳಗಾವಿಯಲ್ಲಿದೆ. ಎರ್ಜುರುಮ್ ಬಿದ್ದರೂ ಕೂತ್ ಬಚಾವಾಗಲಿಲ್ಲ, ಏಪ್ರಿಲ್ 29ಕ್ಕೆ ಶರಣಾಯಿತು. ಅಲ್ಲಿ ರೇಷನ್ ಎಷ್ಟು ಗ್ರಾಂಗೆ ಇಳಿದಿತ್ತು ಅಂತ ಮಾವ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಗೆಲುವಿನ ಕಥೆ ಇಷ್ಟಕ್ಕೇ ನಿಲ್ಲಿಸಿದರೆ ಸುಳ್ಳಾಗುತ್ತೆ. ರಷ್ಯನ್ನರು ಒಳಗೆ ಬಂದಾಗ ಈ ಊರಿನ ಸಾವಿರಾರು ಅರ್ಮೇನಿಯನ್ನರಲ್ಲಿ ಬಹುತೇಕ ಯಾರೂ ಇರಲಿಲ್ಲ. 1915ರಲ್ಲೇ ಅವರನ್ನು ಗಡೀಪಾರು ಮಾಡಿ, ದಾರಿಯಲ್ಲಿ ಕೊಂದು ಮುಗಿಸಿದ್ದರು. ಮುಂದೆ 1918ರಲ್ಲಿ ರಷ್ಯನ್ ಸೈನ್ಯ ಚದುರಿದಾಗ ಇಲ್ಲಿನ ಮುಸ್ಲಿಮರ ಕೊಲೆಗಳಾದವು. ಊರಿನ ಬೋರ್ಡುಗಳಲ್ಲಿ ಎರಡನೆಯದು ಮಾತ್ರ ಇದೆ. ಆಬಿಯ ಎದುರು ಮೊದಲನೆಯ ಮಾತು ಎತ್ತಿದೆ. ಅವನು ರೇಡಿಯೋ ಸ್ವಲ್ಪ ಜೋರು ಮಾಡಿದ.

ಸಂಜೆ ಜಾಗ್ ಕಬಾಬ್. ಅಡ್ಡ ಕಂಬಿಗೆ ಸುತ್ತಿದ ಕುರಿಮಾಂಸವನ್ನು ಬೆಂಕಿಯ ಮುಂದೆ ತಿರುಗಿಸಿ, ಕೊಯ್ದು ಕಡ್ಡಿಗೆ ಚುಚ್ಚಿ ಕೊಡುತ್ತಾರೆ. ಸಾಕು ಅನ್ನುವವರೆಗೂ ತರುತ್ತಲೇ ಇರುತ್ತಾರೆ. ಆಮೇಲೆ ಟೀ. ಇಲ್ಲಿ ಸಕ್ಕರೆಯನ್ನು ಲೋಟಕ್ಕೆ ಹಾಕುವುದಿಲ್ಲ. ಗಟ್ಟಿ ಸಕ್ಕರೆ ಚೂರನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಕಪ್ಪು ಟೀ ಹೀರುವುದು. ನಮ್ಮ ಕಡೆ ಬೆಲ್ಲ ಕಚ್ಚಿಕೊಂಡು ನೀರು ಕುಡಿದ ಹಾಗೇ, ಮಾವನಿಗೆ ಒಂದೇ ಸಲಕ್ಕೆ ಕೈವಶ ಆಯಿತು.

ಶುಕ್ರವಾರ, ಟ್ರಾಬ್ಜೋನ್ ಬಸ್ಸು

ಕೋಪ್ ಘಾಟಿ, ಬೈಬುರ್ಟ್, ಗ್ಯುಮ್ಯುಶಾನೆ, ಜಿಗಾನಾ ಸುರಂಗ. ಬೈಬುರ್ಟ್‌ವರೆಗೆ ಹಿಮ, ಸುರಂಗ ದಾಟಿದ ಮೇಲೆ ಹಸಿರು. ಹೀಟರ್ ಜೋರಾಗಿ ಹಾಕಿ ಬಸ್ಸಿನವರು ನಮ್ಮನ್ನು ಬೇಯಿಸಿದರು. ಉದ್ದ ದಾರಿ, ಹಾಗಾಗಿ ಯುದೆನಿಚ್ ಕಥೆಯ ಉಳಿದ ಭಾಗ ಇಲ್ಲೇ ಮುಗಿಸಿದೆ.

1916ರ ಏಪ್ರಿಲಿನಲ್ಲಿ ಟ್ರಾಬ್ಜೋನ್, ಜುಲೈನಲ್ಲಿ ಎರ್ಜಿಂಜಾನ್. 1917ರಲ್ಲಿ ತ್ಸಾರ್ ಇಳಿದ. ಹೊಸ ತಾತ್ಕಾಲಿಕ ಸರ್ಕಾರ ಮೊದಲು ಯುದೆನಿಚ್‌ನನ್ನು ಕಾಕಸಸ್ ಫ್ರಂಟ್‌ನ ಮುಖ್ಯಸ್ಥ ಮಾಡಿತು. ಆಮೇಲೆ ಮುಂದುವರಿದು ದಾಳಿ ಮಾಡು ಅಂತ ಪಟ್ಟು ಹಿಡಿಯಿತು. ಮೇವಿಲ್ಲ, ರೊಟ್ಟಿಯಿಲ್ಲ, ಸೈನಿಕರಿಗೆ ಕಾಯಿಲೆ. ಈ ಸ್ಥಿತಿಯಲ್ಲಿ ಆಗಲ್ಲ ಅಂದ. ಕೆಲವೇ ವಾರಗಳಲ್ಲಿ ಹುದ್ದೆಯಿಂದ ತೆಗೆದರು.

"ಸರಿಯಾಗೇ ಹೇಳಿದ್ದಾನಲ್ಲ" ಅಂದರು ಮಾವ.

"ಆದರೆ 1919ರಲ್ಲಿ ಲೆಕ್ಕ ತಪ್ಪಿದ ಮಾವ."

ಆ ಅಕ್ಟೋಬರಿನಲ್ಲಿ ಎಸ್ಟೋನಿಯಾ ಕಡೆಯಿಂದ ಪುಟ್ಟ ವಾಯವ್ಯ ಸೈನ್ಯ ಕಟ್ಟಿಕೊಂಡು, ಬೊಲ್ಶೆವಿಕರ ಕೈಲಿದ್ದ ಪೆಟ್ರೊಗ್ರಾದ್, ಅಂದರೆ ಈಗಿನ ಸೇಂಟ್ ಪೀಟರ್ಸ್‌ಬರ್ಗ್ ಮೇಲೆ ಹೋದ. ಗಾಚಿನಾ ಸಿಕ್ಕಿತು, ತ್ಸಾರ್ಸ್ಕೊಯೆ ಸೆಲೊ ಸಿಕ್ಕಿತು, ಪುಲ್ಕೊವೊ ದಿಣ್ಣೆಯ ತನಕ ಬಂದಾಯಿತು. ಮಾಸ್ಕೋದಿಂದ ಬರುವ ರೈಲುದಾರಿಯನ್ನು ತೋಸ್ನೊ ಹತ್ತಿರ ಕತ್ತರಿಸಬೇಕಿತ್ತು. ಅದಕ್ಕೆ ಕಳಿಸಿದ್ದ ಜನರಲ್ ಕತ್ತರಿಸಲಿಲ್ಲ. ಅದೇ ಹಳಿಯ ಮೇಲೆ ಬೊಲ್ಶೆವಿಕ್ ನಾಯಕ ಟ್ರಾಟ್ಸ್‌ಕಿಯ ಸೈನ್ಯ ಬಂದಿಳಿಯಿತು. ಇನ್ನೊಂದು ಕಡೆ, ಫಿನ್‌ಲೆಂಡ್, ಎಸ್ಟೋನಿಯಾ ಸ್ವತಂತ್ರ ದೇಶಗಳು ಅಂತ ಮನಸಾರೆ ಒಪ್ಪಲು ಬಿಳಿ ರಷ್ಯನ್ನರಿಗೆ, ಅಂದರೆ ಯುದೆನಿಚ್‌ನಂಥ ಬೊಲ್ಶೆವಿಕ್ ವಿರೋಧಿಗಳಿಗೆ, ಆಗಲಿಲ್ಲ. ಒಪ್ಪದವರಿಗೆ ಅಕ್ಕಪಕ್ಕದವರು ಯಾಕೆ ಪೂರ್ತಿ ಸಹಾಯ ಮಾಡುತ್ತಾರೆ? ಸೈನ್ಯ ಎಸ್ಟೋನಿಯಾಕ್ಕೆ ಹಿಂದೆ ಸರಿಯಿತು, ಅಲ್ಲಿ ಸೈನಿಕರು ಟೈಫಸ್‌ನಿಂದ ರಾಶಿರಾಶಿ ಸತ್ತರು.

ಹಳಿಯ ತುದಿಯ ಊರನ್ನು ಕಾದು ಹೆಸರು ಮಾಡಿದವನು ಹಳಿ ಕತ್ತರಿಸಲಾಗದೆ ಸೋತ. ಮಾವ ಇದನ್ನು ಒಪ್ಪಲಿಲ್ಲ. ಹಳಿ ಕತ್ತರಿಸದೇ ಇದ್ದವನು ಕೆಳಗಿನ ಜನರಲ್, ಅದಕ್ಕೆ ಇವನೇನು ಮಾಡುತ್ತಾನೆ ಅಂತ ವಾದ. ಯಾರನ್ನು ಕಳಿಸಬೇಕು ಅಂತ ಆರಿಸಿದ್ದು ಇವನೇ ಅಲ್ವಾ ಅಂತ ನನ್ನ ವಾದ. ಗ್ಯುಮ್ಯುಶಾನೆ ಬರುವವರೆಗೂ ಇದು ನಡೆಯಿತು.

ಆಮೇಲೆ ಯುದೆನಿಚ್ ಫ್ರಾನ್ಸ್‌ಗೆ ಹೋದ. ನೀಸ್ ಪಕ್ಕದ ಸೇಂಟ್-ಲೊರಾಂ-ದು-ವಾರ್‌ನಲ್ಲಿ ರಾಜಕೀಯದಿಂದ ದೂರವಿದ್ದು, 1933ರ ಅಕ್ಟೋಬರ್ 5ರಂದು ತೀರಿಕೊಂಡ. ಸಮಾಧಿ ನೀಸ್‌ನ ರಷ್ಯನ್ ಸ್ಮಶಾನದಲ್ಲಿದೆ.

ಶನಿವಾರ, ಟ್ರಾಬ್ಜೋನ್

ಮಳೆ. ಆಯಾಸೋಫ್ಯಾ ನೋಡಿದೆವು, 13ನೇ ಶತಮಾನದ ಬೈಜಾಂಟೈನ್ ಚರ್ಚು, ಈಗ ಮಸೀದಿ. ರಷ್ಯನ್ನರು ಊರು ಹಿಡಿದ ಮೇಲೆ ಫ್ಯೋದೊರ್ ಉಸ್ಪೆನ್‌ಸ್ಕಿ ಎಂಬ ವಿದ್ವಾಂಸ ಬಂದು ಇಲ್ಲಿನ ಹಳೇ ಕಟ್ಟಡಗಳನ್ನು, ಗೋಡೆಚಿತ್ರಗಳನ್ನು ಅಧ್ಯಯನ ಮಾಡಿದ. ಅಕ್ಕಪಕ್ಕದಲ್ಲಿ ಯುದ್ಧ, ಇವನ ಕೈಯಲ್ಲಿ ನೋಟ್‌ಬುಕ್ಕು. ಯುದೆನಿಚ್‌ನ ಗೆಲುವುಗಳಿಂದ ಹುಟ್ಟಿದ ಕೆಲಸಗಳಲ್ಲಿ ನನಗೆ ಇಷ್ಟವಾಗುವುದು ಇದೊಂದೇ.

ಮಾವ ಒಳಗೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಬಂದರಿನ ಹತ್ತಿರದ ಮೀನಂಗಡಿ ಕಣ್ಣಿಗೆ ಬಿದ್ದಿತ್ತು. ಚಳಿಗಾಲ ಅಂದರೆ ಇಲ್ಲಿ ಹಮ್ಸಿ ಮೀನಿನ ಕಾಲ. ಬೆರಳುದ್ದದ ಮೀನನ್ನು ಮೆಕ್ಕೆಜೋಳದ ಹಿಟ್ಟಲ್ಲಿ ಹೊರಳಿಸಿ, ಕಾವಲಿ ಮೇಲೆ ವೃತ್ತವಾಗಿ ಜೋಡಿಸಿ ಕರಿಯುತ್ತಾರೆ. ನಾನು ಒಂದು ತಟ್ಟೆ ಹೇಳಿದೆ. ಮಾವ ಅಂಗಡಿಯವನಿಗೆ ಮೂರು ಬೆರಳು ತೋರಿಸಿದರು.